ವೇಬ್ರಿಡ್ಜ್ ರೂಮಿನ ಕುರ್ಚಿ

2025ರ ಮಾರ್ಚ್ 4, ಮಂಗಳವಾರ, ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಅಕ್ಷತಾ ಮೈಕು ಹಿಡಿದಳು. ಗುಬ್ಬಿ ರಸ್ತೆಯ ಚಿಪ್ಪು ಫ್ಯಾಕ್ಟರಿಯ ಟ್ರೈನಿಂಗ್ ಹಾಲಿನಲ್ಲಿ ಅರವತ್ತು ಕುರ್ಚಿ ಹಾಕಿದ್ದರು. ಮೂರನೇ ಸಾಲಿನ ತುದಿಯಲ್ಲಿ ಸೇಫ್ಟಿ ಆಫೀಸರ್ ಜುಲ್ಫಿಕರ್ ಕೂತಿದ್ದ. ಹನ್ನೆರಡು ವರ್ಷದಿಂದ ಸುರಕ್ಷತಾ ದಿನದ ಭಾಷಣ ಅವನದೇ. ಈ ಸಲ ಕಾರ್ಯಕ್ರಮದ ಪಟ್ಟಿಯಲ್ಲಿ ಅವನ ಹೆಸರು ವಂದನಾರ್ಪಣೆಯ ಎದುರು ಇತ್ತು.

ರಂಜಾನಿನ ಮೂರನೇ ಉಪವಾಸ. ಗಂಟಲು ಒಣಗಿರುವುದು ಅದಕ್ಕೇ ಎಂದು ಅವನು ತನಗೆ ತಾನೇ ಹೇಳಿಕೊಂಡ.

ತೆಂಗಿನ ಚಿಪ್ಪನ್ನು ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿಗೆ ಕುಲುಮೆಯಲ್ಲಿ ಹಬೆ ಕೊಟ್ಟು, ನೀರಿನ ಫಿಲ್ಟರಿಗೆ ಬೇಕಾದ ಕಾರ್ಬನ್ ಮಾಡುವ ಕಾರ್ಖಾನೆ ಅದು. ಮೂರು ವರ್ಷದ ಹಿಂದೆ ಯಜಮಾನರು ಶ್ರೀಲಂಕಾದ ಕುರುಣೆಗಲದಲ್ಲಿ ಇಂಥದೇ ಇನ್ನೊಂದು ಕಾರ್ಖಾನೆ ಕೊಂಡರು. ಸುದ್ದಿ ಬಂದ ವಾರವೇ ಜುಲ್ಫಿಕರ್ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದ. ಅದು ಬಂದು ಬೀರುವಿನಲ್ಲಿ ಕೂತಿತು. ಪುಟಗಳೆಲ್ಲ ಇಂದಿಗೂ ಖಾಲಿ. ಮೂರು ತಿಂಗಳು ಅಲ್ಲಿದ್ದು ಎರಡೂ ಕಡೆಯ ಕಾಯಿದೆ, ಅಪಘಾತದ ವರದಿ ಹೋಲಿಸಿ ನೋಡಲು ಕಳಿಸಿದ್ದು ಅಕ್ಷತಾಳನ್ನು. ಆರು ವರ್ಷದ ಹಿಂದೆ ಕ್ಯಾತ್ಸಂದ್ರದ ಹಾಸ್ಟೆಲಿನಿಂದ ಟ್ರೈನಿಯಾಗಿ ಬಂದು, ರಿಜಿಸ್ಟರಿನಲ್ಲಿ ಎಡದ ಕಾಲಂ ಯಾವುದು ಬಲದ್ದು ಯಾವುದು ಎಂದು ಇವನನ್ನೇ ಕೇಳಿ ಕಲಿತ ಹುಡುಗಿ. ಕಣ್ಣಿಂದ ನೋಡದ್ದನ್ನು ಡೈರಿಯಲ್ಲಿ ಬರೆಯಬಾರದು ಎಂದು ಅವಳಿಗೆ ಹೇಳಿಕೊಟ್ಟವನೂ ಇವನೇ.

"ಎರಡು ದೇಶದ ಕಾಯಿದೆ ಪಕ್ಕಪಕ್ಕ ಇಟ್ಟು ನೋಡೋಣ," ಎಂದು ಅಕ್ಷತಾ ಶುರು ಮಾಡಿದಳು. "ನಮ್ಮಲ್ಲಿ ಗಾಯ ಆದವ್ರು ನಲವತ್ತೆಂಟು ಗಂಟೆ ಕೆಲಸ ಮಾಡೋಕಾಗದೆ ಹೋದ್ರೆ ಇಲಾಖೆಗೆ ತಿಳಿಸ್ಬೇಕು. ಶ್ರೀಲಂಕಾದಲ್ಲಿ ಮೂರು ದಿನ ದಾಟಬೇಕು. ಯಾರ ಕಾಯಿದೆ ಬಿಗಿ?"

"ನಮ್ದೇ," ಎಂದರು ಹಿಂದಿನ ಸಾಲಿನಿಂದ ಯಾರೋ, ಹೆಮ್ಮೆಯಿಂದ.

"ಆದ್ರೆ ಹೋದ ವರ್ಷ ಕುರುಣೆಗಲದವರು ಹನ್ನೊಂದು ಅಪಘಾತ ತಿಳಿಸಿದಾರೆ. ನಾವು ಒಂದೂ ಇಲ್ಲ. ಅದೇ ಕುಲುಮೆ, ಅದೇ ಚಿಪ್ಪು, ಅದೇ ಬಿಸಿ. ನಮ್ಮವರ ಚರ್ಮ ಮಾತ್ರ ಗಟ್ಟೀನಾ?"

ಜನ ನಕ್ಕರು. ಜುಲ್ಫಿಕರನ ಭಾಷಣಕ್ಕೆ ಹನ್ನೆರಡು ವರ್ಷದಲ್ಲಿ ಯಾರೂ ನಕ್ಕಿರಲಿಲ್ಲ. ಅದು ನಗುವ ವಿಷಯವೆಂದು ಅವನಿಗೆ ಹೊಳೆದಿರಲೇ ಇಲ್ಲ.

"ಅಲ್ಲಿಯ ಕಾಯಿದೆ ಕೇಳೋದು, ಈ ಮನುಷ್ಯ ಮೊದಲು ಮಾಡ್ತಿದ್ದ ಅದೇ ಕೆಲಸದಲ್ಲಿ ಪೂರ್ತಿ ಸಂಬಳ ದುಡೀತಿದಾನಾ ಅಂತ. ನಮ್ಮ ಕಾಯಿದೆ ಕೇಳೋದು ಕೆಲಸಕ್ಕೆ ಬಂದನಾ ಅಂತ ಅಷ್ಟೇ. ಅದಕ್ಕೇ ನಮ್ಮ ಹತ್ರ ಒಂದು ಕುರ್ಚಿ ಇದೆ."

ಕುರ್ಚಿ ಎಲ್ಲರಿಗೂ ಗೊತ್ತಿತ್ತು. ಗೇಟಿನ ಪಕ್ಕದಲ್ಲಿ ಲಾರಿ ತೂಗುವ ವೇಬ್ರಿಡ್ಜ್ ರೂಮಿನ ಜಗುಲಿಯ ಮೇಲೆ ಒಂದು ಕಬ್ಬಿಣದ ಕುರ್ಚಿ. ಯಾರಿಗಾದರೂ ಏಟು ಬಿದ್ದರೆ ಒಂದು ದಿನ ಬಿಟ್ಟು ಆಟೊ ಕಳಿಸಿ ಕರೆಸಿ ಅದರ ಮೇಲೆ ಕೂರಿಸುತ್ತಿದ್ದರು. ಬಂದ ಲಾರಿ ನಂಬರ್ ಬರೆದರೂ ಸರಿ, ಬರೆಯದಿದ್ದರೂ ಸರಿ. ಹಾಜರಿ ಪೂರ್ತಿ. ಇದಕ್ಕೆ ಕುರ್ಚಿ ಡ್ಯೂಟಿ ಎಂದು ಹೆಸರು. ಅದನ್ನು ಅಲ್ಲಿ ಹಾಕಿಸಿದವನು ಜುಲ್ಫಿಕರ್, ಗಾಯಗೊಂಡವನ ಕೂಲಿ ಮುರಿಯದಿರಲಿ ಎಂದು. ಕುರ್ಚಿಯ ಮೇಲ್ಗಡೆ ಗೋಡೆಗೆ ಅವನದೇ ಬೋರ್ಡು: 'ಅಪಘಾತರಹಿತ ದಿನಗಳು'. ದಿನಾ ಬೆಳಿಗ್ಗೆ ಎಂಟಕ್ಕೆ ಅದರ ಅಂಕಿಯನ್ನು ಅವನೇ ಬದಲಿಸಿ, ಡೈರಿಯಲ್ಲೂ ಬರೆದುಕೊಳ್ಳುತ್ತಿದ್ದ. ಕುರ್ಚಿ ಬಂದ ಮೇಲೆ ಬೋರ್ಡಿನ ಅಂಕಿ ಚೆನ್ನಾಗಿ ಬೆಳೆಯುತ್ತದೆ ಎಂಬುದು ಅವನಿಗೆ ಆಮೇಲೆ ಗೊತ್ತಾದ ಸಂಗತಿ. ಗೊತ್ತಾದ ಮೇಲೂ ಕುರ್ಚಿ ಅಲ್ಲೇ ಇತ್ತು.

ಪರದೆಯ ಮೇಲೆ ಹೋದ ವರ್ಷ ಕುರ್ಚಿಯಲ್ಲಿ ಕೂತವರ ಹತ್ತೊಂಬತ್ತು ಸಾಲಿನ ಟೇಬಲ್ ಮೂಡಿತು. ಅಕ್ಷತಾ ಏಳನೇ ಸಾಲಿಗೆ ಕೆಂಪು ಚುಕ್ಕಿ ಇಟ್ಟಳು.

"ಕುಲುಮೆಯ ಮುತ್ತುರಾಜ್. ಡಿಸೆಂಬರ್ ಒಂಬತ್ತು, ಸೋಮವಾರ, ಮಧ್ಯಾಹ್ನ ಮೂರೂ ಹತ್ತಕ್ಕೆ ಬಲಗೈ ಮೇಲೆ ಕೆಂಡ ಬಿತ್ತು. ಬುಧವಾರ ಎರಡು ಗಂಟೆಗೆ ಕುರ್ಚಿ ಮೇಲೆ ಕೂತ್ರು. ನಲವತ್ತಾರು ಗಂಟೆ ಐವತ್ತು ನಿಮಿಷ. ಒಂದು ಗಂಟೆ ಹತ್ತು ನಿಮಿಷ ಕಮ್ಮಿ ಬಿತ್ತು, ಹಾಗಾಗಿ ಇಲ್ಲಿ ಅದನ್ನ ತಿಳಿಸೋ ಹಾಗಿಲ್ಲ. ಮತ್ತೆ ಕುಲುಮೆ ಹತ್ರ ಹೋಗಿದ್ದು ಹದಿನಾರನೇ ದಿನ, ಹಾಗಾಗಿ ಅಲ್ಲಿ ತಿಳಿಸ್ಲೇಬೇಕು. ಕೈ ಒಂದೇ. ನಡುವೆ ಒಂಚೂರು ಸಮುದ್ರ ಇದೆ, ಅಷ್ಟೇ."

ಚಪ್ಪಾಳೆ ಬಿತ್ತು. ಜುಲ್ಫಿಕರ್ ಗಡಿಯಾರ ನೋಡಿಕೊಂಡ. ಹದಿನಾಲ್ಕು ಸೆಕೆಂಡು. ನಲವತ್ತಾರು ಗಂಟೆ ಐವತ್ತು ನಿಮಿಷ ಅವನ ಡೈರಿಯ ಅಂಕಿ. ಅವನ ಬೆವರು, ಅವನ ಕೆಂಪು ಶಾಯಿ. ಅದೇ ಅಂಕಿಯನ್ನು ಒಯ್ದು ಅವಳು ಸಮುದ್ರದ ಪಕ್ಕ ಇಟ್ಟಿದ್ದಳು, ಜನ ಕೈತಟ್ಟಿದ್ದರು. ಅವನು ಕಾರ್ಯಕ್ರಮದ ಪಟ್ಟಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ತುರುಕಿದ.

ಆಗ ಫೋಟೊ ಬಂತು. ಕುರ್ಚಿಯ ಮೇಲೆ ಮುತ್ತುರಾಜ್, ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು. ಕೆಳಗೆ ಬರೆದಿದ್ದಳು: 'ಬುಧವಾರ, ಡಿಸೆಂಬರ್ 11'. ಅವನ ತಲೆಯ ಮೇಲೆ ಬೋರ್ಡು. ಬೋರ್ಡಿನ ಅಂಕಿ 613.

ಬೇರೆ ಯಾರಿಗೂ ಅದು ಕಾಣುವಂತಿರಲಿಲ್ಲ. ಜುಲ್ಫಿಕರನಿಗೆ ಕಂಡಿತು. ವಂದನಾರ್ಪಣೆಯಲ್ಲಿ ಅವನು ಅಕ್ಷತಾಳ ಹೆಸರನ್ನು ಕೊನೆಗೆ, ಶಾಮಿಯಾನದವನ ಹೆಸರಾದ ಮೇಲೆ ಹೇಳಿ, ನೇರವಾಗಿ ತನ್ನ ಟೇಬಲಿಗೆ ಹೋಗಿ ಡೈರಿ ತೆಗೆದ. ಡಿಸೆಂಬರ್ 9ಕ್ಕೆ 610. 11ಕ್ಕೆ 612. 613 ಎಂದರೆ ಗುರುವಾರ, ಹನ್ನೆರಡನೇ ತಾರೀಕು. ಅರವತ್ತು ಜನರ ಎದುರು ಅವಳು ಗುರುವಾರದ ಫೋಟೊವನ್ನು ಬುಧವಾರದ್ದೆಂದು ತೋರಿಸಿದ್ದಳು. ಬೆಳಗಿನಿಂದ ಮೊದಲ ಬಾರಿಗೆ ಅವನಿಗೆ ಬಾಯಾರಿಕೆ ಮರೆತುಹೋಯಿತು.

ಮ್ಯಾನೇಜರ್ ಗಂಗಾಧರ್ ಆಮೇಲೆ ಅವನನ್ನು ರೂಮಿಗೆ ಕರೆದರು.

"ಜುಲ್ಫಿ, ನಾಡಿದ್ದು ಗುರುವಾರ ಬೆಂಗಳೂರಲ್ಲಿ ಯಜಮಾನ್ರ ಮುಂದೆ ಇದೇ ಟೇಬಲ್ ಇಡ್ತಾಳೆ. ಕಾರ್ಬನ್ ಕೊಳ್ಳೋ ಹೊರದೇಶದ ಪಾರ್ಟಿಯವರು ಎರಡೂ ಕಡೆ ಒಂದೇ ಅಳತೆ ಇರ್ಬೇಕು ಅಂದವ್ರೆ. ಎರಡಕ್ಕೂ ಒಬ್ಬರೇ ಸೇಫ್ಟಿ ಹೆಡ್, ಕೂರೋದು ಕುರುಣೆಗಲದಲ್ಲಿ. ನಿಮ್ಮಿಬ್ರಲ್ಲಿ ಒಬ್ರು. ಮನಸ್ಸಲ್ಲಿ ಇಟ್ಕೊಂಡಿರಿ."

"ಟೇಬಲ್ ತಪ್ಪಿದ್ರೆ ಸರ್?"

"ತಪ್ಪಿದ್ರೆ ಬೇರೆ ಮಾತು. ಯಜಮಾನ್ರಿಗೆ ಒಂದು ಅಂಕಿ ಆಚೀಚೆ ಆದ್ರೂ ಆಗಲ್ಲ, ನಿಮಗೇ ಗೊತ್ತಲ್ಲ."

ತಪ್ಪನ್ನು ಬಾಯಿಮಾತಿನಲ್ಲಿ ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಬರಹದಲ್ಲಿ ಬೇಕು. ಮುತ್ತುರಾಜನಿಗೆ ಮಂಗಳವಾರ ವಾರದ ರಜೆ, ಕೊತ್ತಗೆರೆಯ ಮನೆಯಲ್ಲಿ ಇರುತ್ತಾನೆ. ಬುಧವಾರ ಎರಡಕ್ಕೆ ತಾನು ಬಂದು ಕೂತಿದ್ದೆ, ಫೋಟೊ ತೆಗೆದದ್ದು ಮಾತ್ರ ಮಾರನೇ ದಿನ ಎಂದು ಅವನು ಬರೆದುಕೊಟ್ಟರೆ ಸಾಕು. ಡೈರಿ ಸರಿ, ಅವಳು ತಪ್ಪು.

ಬಟವಾಡಿಯ ಮನೆಗೆ ಹೋಗಿ ಅಂಗಿ ಬದಲಿಸಿದ. ಹೆಂಡತಿ ಅಂಬ್ರೀನ್ ಮನೆಯ ಉರ್ದುವಿನಲ್ಲಿ ಕೇಳಿದಳು, "ಇಫ್ತಾರಿಗೆ ಇರಲ್ವಾ?"

"ಕುಣಿಗಲ್ ಕಡೆ ಹೋಗ್ತಿದೀನಿ. ಆಫೀಸ್ ಕೆಲಸ."

"ಅಕ್ಷತಾ ಹೆಂಗೆ ಮಾತಾಡಿದ್ಲು?"

"ಇತ್ತು, ಸುಮಾರಾಗಿ."

ಅಂಬ್ರೀನ್ ಅಡುಗೆಮನೆಯ ಮೇಲಿನ ಅರೆಯತ್ತ ನೋಡಿದಳು. ಅಕ್ಷತಾ ಕುರುಣೆಗಲದಿಂದ ತಂದುಕೊಟ್ಟ ಟೀಪುಡಿಯ ಪೊಟ್ಟಣ ಒಂದು ತಿಂಗಳಿಂದ ಅಲ್ಲೇ ಇತ್ತು, ಬಾಯಿ ಬಿಚ್ಚದೆ. "ಅದನ್ನ ಒಡೀಬಾರ್ದು ಅಂತ ಯಾವ ದೇಶದ ಕಾಯಿದೇಲಿ ಬರ್ದಿದೆ?" ಎಂದಳು. ಅವನು ಬೈಕಿನ ಕೀ ಹುಡುಕಿದ. ಅವಳು ಒಂದು ಡಬ್ಬಿಯಲ್ಲಿ ಮೂರು ಖರ್ಜೂರ ಹಾಕಿ ಅವನ ಚೀಲಕ್ಕೆ ತುರುಕಿದಳು.

ಬೈಕಿನಲ್ಲಿ ಹೋಗುವಾಗ ಉದ್ದಕ್ಕೂ ಅವನು ಗುರುವಾರದ ಸಭೆಯನ್ನು ಕಟ್ಟಿಕೊಂಡ. ಯಜಮಾನರು ಫೋಟೊವನ್ನು ದೊಡ್ಡದು ಮಾಡುತ್ತಾರೆ. ಅಂಕಿ ಓದುತ್ತಾರೆ. ಅಕ್ಷತಾ ತುಟಿ ಕಚ್ಚುತ್ತಾಳೆ. ತಾನು ಮೆಲ್ಲಗೆ, ಬೇಜಾರಿನಿಂದಲೇ ಎಂಬಂತೆ, 'ಪಾಪ, ಹೊಸಬಳು ಸರ್' ಎನ್ನುತ್ತೇನೆ. ಆ ಮಾತನ್ನು ಕುಣಿಗಲ್ ಕೆರೆಯ ಏರಿ ಕಾಣುವಷ್ಟರಲ್ಲಿ ನಾಲ್ಕು ರೀತಿಯಲ್ಲಿ ಹೇಳಿ ನೋಡಿದ್ದ.

ಮುತ್ತುರಾಜನ ಮನೆ ಮುಂದೆ ಬೈಕು ನಿಲ್ಲಿಸಿದಾಗ ಆರು ಗಂಟೆ ಹತ್ತು ನಿಮಿಷ. ಅವನ ತಾಯಿ ಮಂಜುಳಮ್ಮ ಹುಣಸೆಹಣ್ಣು ಕುಟ್ಟುತ್ತಿದ್ದವಳು ಎದ್ದು ಚಾಪೆ ಹಾಸಿದಳು.

"ಬನ್ನಿ ಸಾಬ್ರೆ. ಏನು, ಇವ್ನನ್ನ ಮತ್ತೆ ಕುರ್ಚಿ ಮೇಲೆ ಕೂರ್ಸಕ್ಕೆ ಬಂದ್ರಾ?"

"ಇಲ್ಲ ಕಣಮ್ಮ. ಒಂದು ಸಣ್ಣ ವಿಷ್ಯ ಕೇಳ್ಬೇಕಿತ್ತು." ಜುಲ್ಫಿಕರ್ ಬಿಳಿಹಾಳೆ ತೆಗೆದ. "ಮುತ್ತು, ಕೈ ಸುಟ್ಕೊಂಡ ವಾರ ನೀನು ಬುಧವಾರ ಎರಡು ಗಂಟೆಗೆ ಬಂದು ಕೂತಿದ್ದೆ ಅಂತ ಬರ್ಕೊಡು. ಫೋಟೊ ಗುರುವಾರ ತೆಗೆದಿದ್ದು ಅಂತ್ಲೂ ಬರಿ."

ಮುತ್ತುರಾಜ್ ತಾಯಿಯನ್ನು ನೋಡಿದ. "ಬುಧವಾರ ಎಲ್ಲಿ ಬಂದಿದ್ದೆ ಸಾ?"

"ಆಟೊ ಕಳಿಸಿದ್ವಲ್ಲೋ."

"ಆಟೊ ಬಂದಿತ್ತು ಸಾ. ನಂಗೆ ಮೈಯೆಲ್ಲ ಕೆಂಡ, ಜ್ವರ. ಅವ್ವ ವಾಪಸ್ ಕಳಿಸ್ತು."

"ನಾನೇ ಬೈದು ಕಳಿಸ್ದೆ," ಎಂದಳು ಮಂಜುಳಮ್ಮ. "ಎದ್ದು ನಿಲ್ಲಕ್ಕಾಗಲ್ಲ, ಕುರ್ಚಿ ಮೇಲೆ ಹೆಂಗ್ ಕೂರ್ತಾನೆ, ಕಟ್ಟಾಕ್ತೀರಾ ಅಂದೆ. ಮಾರನೇ ದಿನ ಬೆಳಿಗ್ಗೆ ಮತ್ತೆ ಬಂದ್ರು. ಇವ್ನು ಹೋದ. ಎಂಟೂವರೆಗೆ ಕೂತೆ ಅಂತ ಫೋನ್ ಮಾಡ್ದ ನಂಗೆ."

ಜುಲ್ಫಿಕರನ ಪೆನ್ನು ಹಾಳೆಯ ಮೇಲೇ ಇತ್ತು. ಆ ಬುಧವಾರ ಅವನು ಎಂಟಕ್ಕೆ ಬೋರ್ಡು ಬದಲಿಸಿ, ಒಂದು ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದ. ಟೈಮ್ ಆಫೀಸಿನ ಅಂಜನಮೂರ್ತಿಗೆ ಫೋನು ಮಾಡಿದ್ದ, ಸಂಜೆ ಡೈರಿಯಲ್ಲಿ ಬರೆದಿದ್ದ. ನೋಡಿ ಬರೆದಂತೆ ಬರೆದಿದ್ದ.

ಹೊರಗೆ ಹೊತ್ತು ಮುಳುಗುತ್ತಿತ್ತು. ಮಂಜುಳಮ್ಮ ಒಂದು ಲೋಟ ನೀರು, ಎರಡು ಬಾಳೆಹಣ್ಣು ತಂದಿಟ್ಟಳು. "ಉಪ್ವಾಸ ಅಲ್ವಾ ನೀವು. ಕತ್ತಲಾಯ್ತು, ಕುಡೀರಿ."

ಅವನು ಫೋನು ನೋಡಿದ. ಆರು ಇಪ್ಪತ್ತೊಂಬತ್ತು. "ಇನ್ನೂ ಎರಡು ನಿಮಿಷ ಇದೆ ಕಣಮ್ಮ."

"ಎರಡು ನಿಮಿಷಕ್ಕೆ ಏನಾಗುತ್ತೆ, ಯಾರು ನೋಡ್ತಾರೆ ಬುಡಿ."

ಅವನು ಖರ್ಜೂರವನ್ನು ಕೈಯಲ್ಲಿ ಹಿಡಿದು ಕೂತ. ಎರಡು ನಿಮಿಷ ಉದ್ದವಾಗಿತ್ತು. ಎದುರಿಗೆ ಮುತ್ತುರಾಜ್ ತನ್ನ ಟೀ ಲೋಟವನ್ನು ಎಡಗೈಯಲ್ಲಿ ಎತ್ತಿ, ಬಲಗೈಯ ಹಿಂಬದಿಯಿಂದ ಆನಿಸಿ ಕುಡಿಯುತ್ತಿದ್ದ. ಆ ಕೈಯ ಬೆರಳು ಮಡಿಸಿದರೂ ಅಂಗೈ ಮುಟ್ಟುತ್ತಿರಲಿಲ್ಲ.

"ಪರಿಹಾರ ಕೇಳಕ್ಕೆ ಅಂತ ಆಸ್ಪತ್ರೆಲಿ ಕೈ ಸ್ವಾಧೀನ ಎಷ್ಟು ಹೋಗೈತೆ ಅಂತ ಬರ್ಸಕ್ಕೆ ಹೋಗಿದ್ವಿ," ಎಂದಳು ಮಂಜುಳಮ್ಮ. "ಕೆಲಸದಲ್ಲಿ ಆಗಿದ್ದು ಅನ್ನೋದಕ್ಕೆ ಫ್ಯಾಕ್ಟ್ರಿ ಕಾಗದ ತಗೊಂಡ್ ಬನ್ನಿ ಅಂದ್ರು. ಫ್ಯಾಕ್ಟ್ರೀಲಿ ಅಂಥ ಕಾಗ್ದನೇ ಇಲ್ಲ ಅಂದ್ರು. ಸಾಬ್ರ ಬೋರ್ಡಲ್ಲಿ ಅಪಘಾತನೇ ಇಲ್ವಲ್ಲ ಅಂತ ನಗಾಡಿದ್ರಂತೆ."

ಆರು ಮೂವತ್ತೊಂದಕ್ಕೆ ಅವನು ಖರ್ಜೂರ ಬಾಯಿಗಿಟ್ಟುಕೊಂಡ. ನುಂಗಲು ನೀರು ಬೇಕಾಯಿತು. ಹೊರಡುವ ಮುಂಚೆ ಮುತ್ತುರಾಜ್ ಎಡಗೈಯಲ್ಲಿ, ಅಂಕುಡೊಂಕು ಅಕ್ಷರದಲ್ಲಿ ಬರೆದುಕೊಟ್ಟ: ಬುಧವಾರ ಬಂದಿಲ್ಲ, ಗುರುವಾರ ಬೆಳಿಗ್ಗೆ ಎಂಟೂವರೆಗೆ ಬಂದೆ.

ದಾರಿಯಲ್ಲಿ ಬೈಕು ನಿಲ್ಲಿಸಿ ಅಂಜನಮೂರ್ತಿಗೆ ಫೋನು ಮಾಡಿದ. ಮುತ್ತುರಾಜ್ ಆ ಬುಧವಾರ ಬಂದಿದ್ದನೇ ಎಂದು ಕೇಳಿದ.

"ಸರ್, ಅವತ್ತು ನೀವು ಫೋನ್ ಮಾಡಿ, 'ಎರಡು ಗಂಟೆಗೆ ಬಂದ ಅಂತ ಬರ್ಕೊತೀನಿ' ಅಂದ್ರಿ. ನಾನು ಹೂಂ ಅಂದೆ. ಆಮೇಲೆ ಹಾಜರಿಗೂ ಅದನ್ನೇ ಹಾಕ್ದೆ. ನಿಮಗೆ ಗೊತ್ತಿದ್ದೇ ಹೇಳಿದ್ರಿ ಅನ್ಕೊಂಡಿದ್ದೆ."

ಗೊತ್ತಿತ್ತೇ? ಆ ಹೂಂ ಸ್ವಲ್ಪ ತಡವಾಗಿ ಬಂದಿತ್ತು, ಅಷ್ಟು ಗೊತ್ತಿತ್ತು. ಇನ್ನೊಮ್ಮೆ ಕೇಳಿದ್ದರೆ ಬೋರ್ಡು ಸೊನ್ನೆಗೆ ಬರಬೇಕಾಗುತ್ತಿತ್ತು. ಅಕ್ಷತಾ ಅದೇ ವಾರ ಶ್ರೀಲಂಕಾದಿಂದ ಸಮುದ್ರದ ಫೋಟೊ ಹಾಕಿದ್ದಳು; ಅವನ ಬಳಿ ತೋರಿಸಲು ಇದ್ದದ್ದು ಆ ಅಂಕಿಯೊಂದೇ.

ಬುಧವಾರ ಬೆಳಿಗ್ಗೆ ಗಂಗಾಧರ್ ಎಲ್ಲವನ್ನೂ ಕೇಳಿ, ಬಾಗಿಲು ಹಾಕಿಕೊಂಡು ಬಂದು ಕೂತರು.

"ಇಷ್ಟೆಲ್ಲ ಯಾಕೆ ಜುಲ್ಫಿ? ಫೋಟೊ ಗುರುವಾರದ್ದು ಅನ್ನೋದಷ್ಟೇ ಯಜಮಾನ್ರಿಗೆ ಹೇಳಿ. ಅದು ನಿಜ ತಾನೆ? ನಿಮ್ಮ ಡೈರಿ ಯಾರು ಕೇಳ್ತಾರೆ? ಅವಳು ಗಡಿಬಿಡೀಲಿ ಮಾಡಿದಾಳೆ ಅಂತ ಆಗುತ್ತೆ. ಕೆಲಸ ನಿಮ್ದೇ. ಮುತ್ತುಗೆ ಬೇರೆ ಏನಾದ್ರೂ ಮಾಡೋಣ."

ನಿಜವೇ. ಫೋಟೊ ಗುರುವಾರದ್ದು, ಅದರಲ್ಲಿ ಸುಳ್ಳಿಲ್ಲ. ಪಾಸ್‌ಪೋರ್ಟಿನ ಮೊದಲ ಪುಟಕ್ಕೆ ಠಸ್ಸೆ ಬೀಳುತ್ತದೆ. ಜುಲ್ಫಿಕರ್ ಬೇಕೆಂದೇ ಆ ಠಸ್ಸೆಯ ಬಣ್ಣವನ್ನೂ ಊಹಿಸಿಕೊಂಡ. ಆದರೆ ಅದರ ಕೆಳಗೆ ಎಡಗೈಯಲ್ಲಿ ಬರೆದ ಅಂಕುಡೊಂಕು ಅಕ್ಷರ ಕಾಣುತ್ತಿತ್ತು. ಜೊತೆಗೆ ಇನ್ನೊಂದು ವಿಷಯ, ಅದನ್ನು ಒಪ್ಪಿಕೊಳ್ಳಲು ಅವನಿಗೆ ನಾಚಿಕೆಯಾಯಿತು: ಈಗ ಸುಮ್ಮನಿದ್ದರೆ, ತಪ್ಪು ತನ್ನ ಡೈರಿಯದೇ ಎಂದು ಗೊತ್ತಿದ್ದೂ ಬದುಕಿನುದ್ದಕ್ಕೂ ಕುರುಣೆಗಲದಲ್ಲಿ ಕೂತು ಅಕ್ಷತಾಳ ಮೇಲೆ ಹೊಟ್ಟೆ ಉರಿದುಕೊಳ್ಳಬೇಕು. ಅದು ಇದಕ್ಕಿಂತ ದೊಡ್ಡ ಉರಿ.

"ಅಕ್ಷತಾಗೇ ಹೇಳ್ಬರ್ತೀನಿ ಸರ್," ಎಂದು ಎದ್ದ.

ಅಕ್ಷತಾ ನಾಳೆಯ ಸಭೆಗೆ ಸ್ಲೈಡು ತಿದ್ದುತ್ತಿದ್ದಳು. ಅವನು ಎದುರು ನಿಂತ. "ನಿನ್ನ ಟೇಬಲಲ್ಲಿ ತಪ್ಪಿದೆ."

ಅವಳ ಮುಖದ ಬಣ್ಣ ಇಳಿಯಿತು. ಇದಕ್ಕಾಗಿಯೇ ನೂರು ಕಿಲೋಮೀಟರಿನ ಹತ್ತಿರ ಓಡಾಡಿದ್ದ, ನೋಡಲು ಸಿಕ್ಕಿತು. "ಎಲ್ಲಿ ಸರ್?"

"ಏಳನೇ ಸಾಲು. ಫೋಟೊ ಬುಧವಾರದ್ದಲ್ಲ, ಬೋರ್ಡು ನೋಡು. ಮುತ್ತುರಾಜ್ ಬುಧವಾರ ಬಂದೇ ಇಲ್ಲ."

ಅವಳು ಪರದೆಯನ್ನು ನೋಡುತ್ತ ಕೂತಳು. "ಹತ್ತೊಂಬತ್ತು ಕೇಸು ಸರ್. ಹದಿನೆಂಟು ಜನರನ್ನ ನಾನೇ ಹೋಗಿ ಕೇಳಿದೀನಿ. ಇದೊಂದನ್ನ ಕೇಳ್ಲಿಲ್ಲ. ಗೇಟಿನವರು ತೆಗೆದಿದ್ದ ಫೋಟೊಗೂ ತಾರೀಕು ನಿಮ್ಮ ಡೈರಿ ನೋಡೇ ಹಾಕ್ದೆ."

"ಯಾಕೆ ಕೇಳ್ಲಿಲ್ಲ?"

"ನಿಮ್ಮ ಅಕ್ಷರ ಇತ್ತಲ್ಲ ಸರ್."

ಅವನು ಮುತ್ತುರಾಜನ ಹಾಳೆಯನ್ನು ಅವಳ ಮುಂದಿಟ್ಟ. ತಡೆಯಲಾಗದೆ ಹೇಳಿದ, "ಹೋಯ್ತು ನೋಡು, ನಿನ್ನ ಒಳ್ಳೇ ಸ್ಲೈಡು."

ಅಕ್ಷತಾ ಹಾಳೆ ಓದಿದಳು. ಬೆರಳಲ್ಲೇ ಗಂಟೆ ಎಣಿಸಿದಳು. "ಹೋಗಲ್ಲ ಸರ್. ಇದು ಎರಡೂ ಕಾಯಿದೆಯಲ್ಲಿ ಅಪಘಾತ. ನಲವತ್ತೆಂಟು ದಾಟಿದ್ರೂ ಕುರ್ಚಿ ನುಂಗಿಬಿಟ್ಟಿದೆ. ಕಾಯಿದೆ ಅಲ್ಲ ವ್ಯತ್ಯಾಸ, ಬರೆಯೋರು. ಇದು ಮೊದಲಿನದಕ್ಕಿಂತ ಗಟ್ಟಿ."

ಅವನ ತಪ್ಪೂ ಅವಳಿಗೇ ಉಪಯೋಗಕ್ಕೆ ಬಂತು. ಜುಲ್ಫಿಕರನಿಗೆ ನಗು ಬರುವ ಹಾಗಾಗಿ, ಬರಲಿಲ್ಲ. "ಹಂಗಾದ್ರೆ ಬರೆದೋರ ಹೆಸರು ಹಾಕು ಕೆಳಗೆ," ಎಂದ.

"ಮೊದಲಿಂದ ಇದೆ ಸರ್." ಅವಳು ಸ್ಲೈಡನ್ನು ದೊಡ್ಡದು ಮಾಡಿದಳು. ಏಳನೇ ಸಾಲಿನ ಕೆಳಗೆ, ಮೂರನೇ ಸಾಲಿನ ಕುರ್ಚಿಯಿಂದ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ: 'ಆಧಾರ: ಜುಲ್ಫಿಕರ್ ಸರ್ ಡೈರಿ. ಇದನ್ನು ನನಗೆ ಕಲಿಸಿದವರು.'

ಅವನು ಅದನ್ನು ಎರಡು ಸಲ ಓದಿದ. ಉರಿ ಆರಲಿಲ್ಲ. ಅದರ ಜೊತೆಗೆ ಇನ್ನೇನೋ ಸೇರಿಕೊಂಡು, ಯಾವುದು ಯಾವುದೆಂದು ಬೇರ್ಪಡಿಸಲಾಗದಂತಾಯಿತು.

ಗೇಟಿನ ಹತ್ತಿರ ಹೋಗಿ, ಕುರ್ಚಿಯ ಮೇಲೆ ಹತ್ತಿ, ಬೋರ್ಡಿನಿಂದ 696 ಎಂಬ ಅಂಕಿಯನ್ನು ಕಿತ್ತು 86 ಹಾಕಿದ. ವೇಬ್ರಿಡ್ಜಿನ ಮೇಲೆ ನಿಂತಿದ್ದ ಲಾರಿಯ ಡ್ರೈವರ್ ಇಣುಕಿ, "ಏನ್ ಸರ್, ಆರುನೂರು ದಿನ ಎತ್ಲಾಗೆ ಹೋಯ್ತು?" ಎಂದ.

"ಕೊತ್ತಗೆರೆಗೆ," ಎಂದ ಜುಲ್ಫಿಕರ್. ಇಳಿದು, ಕುರ್ಚಿಯನ್ನು ಎತ್ತಿಕೊಂಡು ಹೋಗಿ ಗುಜರಿ ಶೆಡ್ಡಿನಲ್ಲಿ ಹಾಕಿದ.

ಆಮೇಲೆ ಟೇಬಲಿಗೆ ಬಂದು, ಇಲಾಖೆಗೆ ಕಳಿಸುವ ಅಪಘಾತದ ನೋಟಿಸನ್ನು, ಕೈ ಸುಟ್ಟ ಎಂಬತ್ತಾರು ದಿನದ ಮೇಲೆ, ತುಂಬತೊಡಗಿದ. ತಡವಾದದ್ದಕ್ಕೆ ಕಾರಣ ಎಂಬಲ್ಲಿ 'ನೋಡದೆ ಬರೆದೆ' ಎಂದು ಬರೆದು ಸಹಿ ಮಾಡಿದ. ಜೊತೆಗೆ ಮುತ್ತುರಾಜನ ಹಾಳೆ ಲಗತ್ತಿಸಿದ. ಅದರ ಅಂಚಿನಲ್ಲಿ, ಕೆಂಪು ಶಾಯಿಯಲ್ಲಿ, ಗಾಯವಾದ ಹೊತ್ತಿನಿಂದ ಕೆಲಸಕ್ಕೆ ಬಂದ ಹೊತ್ತಿನವರೆಗೆ ಮತ್ತೊಮ್ಮೆ ಎಣಿಸಿ ಬರೆದ: 65 ಗಂಟೆ 20 ನಿಮಿಷ.